ಖಾಲಿ ಊರಿನ ಬೆಕ್ಕುಗಳು

ಮಾರಿಕಣಿವೆಯ ಕಟ್ಟೆ ಮುಗಿದ ಮರುವರ್ಷ, ಕಾರ್ತಿಕ ಮಾಸದಲ್ಲಿ, ಚಿತ್ರದುರ್ಗದ ಬೆಲ್ಲದ ಬೀದಿಯಲ್ಲಿ ಇಲಿ ಬಿತ್ತು. ಮೊದಲು ಬಿದ್ದದ್ದು ಮುರುಗೇಶಪ್ಪನ ದಿನಸಿ ಅಂಗಡಿಯ ಹಿಂದಿನ ಕಾಳಿನ ಕೋಣೆಯಲ್ಲಿ. ಅವನ ಹೆಂಡತಿ ಅನ್ನಪೂರ್ಣಮ್ಮ ತೊಗರಿಬೇಳೆ ತರಲು ಒಳಗೆ ಹೋದವಳು, ಒಂದು ಇಲಿ ಕುಡಿದವರ ಹಾಗೆ ಗಿರ್ರನೆ ಸುತ್ತಿ ಮೂಟೆಯ ಪಕ್ಕ ಉರುಳಿದ್ದನ್ನು ಕಂಡು, ಮೊರ ಅಲ್ಲೇ ಬಿಸಾಕಿ ಓಡಿಬಂದಳು. ಇಲಿ ಬಿದ್ದ ಮೇಲೆ ಮನುಷ್ಯರು ಬೀಳುವುದು ಎಷ್ಟು ದಿನದ ಮಾತು ಎಂಬುದು ಎಲ್ಲರಿಗೂ ಗೊತ್ತಿತ್ತು. ಮರುದಿನ ಪ್ಲೇಗ್ ಇನ್ಸ್‌ಪೆಕ್ಟರು ಡಂಗುರ ಹೊಡೆಸಿದರು. ಬೀದಿಯವರೆಲ್ಲ ಮನೆ ಖಾಲಿ ಮಾಡಿ ಚಂದ್ರವಳ್ಳಿ ದಾರಿಯ ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳಬೇಕು.

ಮುರುಗೇಶಪ್ಪನ ಮನೆಯಲ್ಲಿ ನಾಲ್ಕು ಜನ. ಗಿರಾಕಿಗಳ ಹತ್ತಿರ ಜೇನಿನಂತೆ ಮಾತಾಡಿ ಮನೆಗೆ ಬಂದರೆ ಬಾಯಿಗೆ ಬೀಗ ಹಾಕಿಕೊಳ್ಳುವ ಮುರುಗೇಶಪ್ಪ, ಅವನ ಹೆಂಡತಿ, ಕಾಲಿನ ಶಕ್ತಿ ಹೋಗಿದ್ದರೂ ಒಲೆಯ ಮುಂದೆ ಕೂತು ಮನೆ ನಡೆಸುವ ತಾಯಿ ಮರುಳಸಿದ್ದಮ್ಮ, ಮತ್ತು ಅಕ್ಕ ಈರಕ್ಕ. ಈರಕ್ಕನನ್ನು ಹೊಳಲ್ಕೆರೆಗೆ ಕೊಟ್ಟಿದ್ದರು. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ವಾಂತಿಭೇದಿಗೆ ಹೋದ. ಮಕ್ಕಳಿರಲಿಲ್ಲ. ತವರಿಗೆ ಬಂದವಳು ಕಾಳು ಹಸನು ಮಾಡುವುದು, ಕುಟ್ಟುವುದು, ಎಮ್ಮೆ ನೋಡಿಕೊಳ್ಳುವುದು ಎಲ್ಲವನ್ನೂ ಹೊತ್ತುಕೊಂಡಳು.

ಜೊತೆಗೆ ಬೆಕ್ಕುಗಳು. ಅಪ್ಪನ ಕಾಲದಲ್ಲಿ ಕಾಳಿನ ಕೋಣೆಗೆಂದು ಒಂದು ಬೆಕ್ಕು ಇತ್ತು, ಅಷ್ಟೆ. ಈರಕ್ಕನ ಕಾಲಕ್ಕೆ ಲೆಕ್ಕ ತಪ್ಪಿತು. ಯಾರೋ ಗೋಣಿಯಲ್ಲಿ ಕಟ್ಟಿ ಹಳ್ಳಕ್ಕೆ ಎಸೆದ ಮರಿಗಳು, ಗಾಡಿ ಹಾಯ್ದು ಕಾಲು ಮುರಿದ ಗಂಡುಬೆಕ್ಕು, ಹಾಲು ಬತ್ತಿದ ಬಾಣಂತಿ ಬೆಕ್ಕು, ಎಲ್ಲವೂ ಅವಳ ಸೆರಗಿನಲ್ಲಿ ಬಂದವು. ಒಂದೂ ಮಡಿಲಲ್ಲಿ ಮಲಗುವ ಜಾತಿಯದಲ್ಲ. ಮಾಡಿನ ಮೇಲೆ, ಬೆಟ್ಟದ ಬಂಡೆಗಳ ಸಂದಿಯಲ್ಲಿ ಇರುತ್ತಿದ್ದವು. ಸಂಜೆ ಅವಳು ಹಿತ್ತಲಿನಲ್ಲಿ ನಿಂತು "ಬಾ ಬಾ ಬಾ" ಎಂದರೆ ಮಾತ್ರ ಇಳಿದು ಬರುತ್ತಿದ್ದವು.

ಊರು ಬಿಡುವ ದಿನ ಗಾಡಿಯ ಮೇಲೆ ಪಾತ್ರೆ, ಹಾಸಿಗೆ, ಹಿಟ್ಟಿನ ಡಬ್ಬ ಏರಿದವು. ಎಲ್ಲಕ್ಕಿಂತ ಹಿಂದೆ ಎರಡು ಮುಚ್ಚಿದ ಬುಟ್ಟಿಗಳಿದ್ದವು. ಮುರುಗೇಶಪ್ಪ ಹಗ್ಗ ಬಿಗಿಯುವಾಗ ಒಂದು ಬುಟ್ಟಿ ಅಲುಗಾಡಿತು.

"ಇದೇನಕ್ಕ, ಬುಟ್ಟಿಯಾಗೆ?"

"ಇದರಾಗೆ ಬೂದಿ, ಅದರಾಗೆ ಕುಂಟ ಐತೆ."

"ಇಳಿಸು."

"ಇಲ್ಲಿ ಅವು ಏನ್ ತಿಂತವೆ, ಮುರುಗ?"

"ಇಲಿ ತಿಂತವೆ. ಬೆಕ್ಕು ಇನ್ನೇನ್ ತಿಂತೈತೆ?"

"ಈ ಇಲಿ ತಿಂದ್ರೆ ಸಾಯ್ತವೆ."

"ತಿಂದು ಬಂದು ನಮ್ಮ ಮಗ್ಗುಲಾಗೆ ಮಲಗಿದ್ರೆ ನಾವು ಸಾಯ್ತೀವಿ. ಅವ್ವನ ವಯಸ್ಸು ನೋಡು. ಇಳಿಸು ಅಂದ್ನಲ್ಲ."

ಈರಕ್ಕ ಕದಲಲಿಲ್ಲ. ಅವನೇ ಬುಟ್ಟಿಗಳನ್ನು ಇಳಿಸಿ ಮುಚ್ಚಳ ತೆಗೆದ. ಬೂದಿಬಣ್ಣದ ಹೆಣ್ಣುಬೆಕ್ಕು ಗೋಡೆ ಹಾರಿ ಹೋಯಿತು. ಕುಂಟ ಅಲ್ಲೇ ಗಾಡಿಯ ಚಕ್ರದ ಪಕ್ಕ ಕೂತು ನೋಡುತ್ತಿತ್ತು. ದಾರಿಯುದ್ದಕ್ಕೂ ಈರಕ್ಕ ಎಮ್ಮೆಯ ಹಗ್ಗ ಹಿಡಿದು ಗಾಡಿಯ ಹಿಂದೆ ನಡೆದಳು. ಯಾರು ಕರೆದರೂ ಮೇಲೆ ಹತ್ತಲಿಲ್ಲ.

ಬಯಲಿನಲ್ಲಿ ಹಿರಿಯೂರು ಕಡೆಯಿಂದ ತಂದ ತೆಂಗಿನ ಗರಿಯ ಗುಡಿಸಲುಗಳು ಸಾಲಾಗಿ ಎದ್ದವು. ಬೀದಿಯಲ್ಲಿ ಎದುರುಬದುರು ಇದ್ದವರು ಇಲ್ಲಿಯೂ ಎದುರುಬದುರಾದರು. ಮುರುಗೇಶಪ್ಪನ ಗುಡಿಸಲ ಪಕ್ಕಕ್ಕೆ ತಗಡಿನ ಕೆಲಸದ ದಿಲಾವರ್ ಸಾಹೇಬರ ಗುಡಿಸಲು. ಅವರ ಹೆಂಡತಿ ಬಷೀರುನ್ನೀಸಾ ಈರಕ್ಕನ ಓರಗೆಯವಳು. ಬೀದಿಯಲ್ಲಿ ಬೆಕ್ಕಿಗೆ ಕಲ್ಲು ಹೊಡೆಯದ ಇನ್ನೊಂದು ಮನೆ ಇದ್ದರೆ ಅದು ಅವರದೇ. ಅವಳ ಸೊಸೆ ಮೆಹರುನ್ನೀಸಾ ಚೊಚ್ಚಲ ಬಸುರಿ.

ಈರಕ್ಕ ಬೆಳಿಗ್ಗೆ ಎಮ್ಮೆ ಕರೆದು, ಸಗಣಿ ಬಾಚಿ, ಒಂದು ಕುಡಿಕೆಯಲ್ಲಿ ಮಜ್ಜಿಗೆಗೆ ಮುದ್ದೆ ಕಿವುಚಿಕೊಂಡು ಊರಿನ ಕಡೆ ಹೊರಡುತ್ತಿದ್ದಳು. ಊರ ಬಾಗಿಲಲ್ಲಿ ಕಾವಲಿನ ಕಾಟಯ್ಯ ಕೋಲು ಅಡ್ಡ ಹಿಡಿಯುತ್ತಿದ್ದ.

"ಎಲ್ಲಿಗಮ್ಮ?"

"ಬೆಕ್ಕಿಗೆ ಅನ್ನ ಇಟ್ಟು ಬರ್ತೀನಪ್ಪ."

"ಸಾಹೇಬ್ರು ಕಂಡ್ರೆ ನನ್ನ ಕೆಲಸ ಹೋಗ್ತೈತೆ. ಮನೆ ಒಳಗೆ ಕಾಲಿಡಬ್ಯಾಡ್ರಿ. ಬೀದಿಯಾಗೆ ಇಟ್ಟು ಬಂದ್ಬಿಡ್ರಿ."

ಬೀಗ ಹಾಕಿದ ಬಾಗಿಲುಗಳ ನಡುವೆ ನಿಂತು ಕರೆದರೆ, ಮೊದಮೊದಲು ಎಲ್ಲವೂ ಬಂದವು. ಒಲೆ ಹೊತ್ತದ ಊರಿನಲ್ಲಿ ಅವಕ್ಕೆ ಬೇರೆ ಗತಿ ಇರಲಿಲ್ಲ. ಆದರೆ ದಿನ ಕಳೆದಂತೆ ಮುದ್ದೆ ಮೂಸಿ ಹಿಂದೆ ಸರಿಯತೊಡಗಿದವು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು.

ಇತ್ತ ಗುಡಿಸಲಿನಲ್ಲಿ ಅನ್ನಪೂರ್ಣಮ್ಮನ ಗೊಣಗಾಟ. ಗಾಳಿಗೆ ಒಲೆ ಉರಿಯುವುದಿಲ್ಲ, ನೀರು ದೂರ, ರೊಟ್ಟಿಯಲ್ಲಿ ಮಣ್ಣು. ಅದರ ಮೇಲೆ ಇದು.

"ನಾನು ಲೆಕ್ಕ ಇಟ್ಟು ಮುದ್ದೆ ಕಟ್ತೀನಿ ಅತ್ತೆ. ಊಟಕ್ಕೆ ಕುಂತಾಗ ಒಂದು ಕಡಿಮೆ ಬರ್ತೈತೆ. ನಾನು ತಿಂದೆ ಅಂತೀರಾ?"

"ನನ್ನ ಪಾಲಿಂದು ಒಯ್ತೀನಿ," ಎಂದಳು ಈರಕ್ಕ.

"ನಿಮ್ಮ ಪಾಲು ಬೆಕ್ಕಿಗೆ ಹಾಕಿ ಬಂದು ನೀವು ಏನ್ ಉಣ್ತೀರಕ್ಕ? ಹಸ್ಕಂಡು ಕುಂತ್ರೆ ಬಡಿಸದೆ ಇರಾಕೆ ಆಗ್ತೈತಾ? ಒಟ್ಟು ಕಡಿಮೆ ಬರಾದು ನನಗೇ."

ಅದು ಸುಳ್ಳಲ್ಲ.

ಬಷೀರುನ್ನೀಸಾ ಇದನ್ನೆಲ್ಲ ಪಕ್ಕದಿಂದ ಕೇಳುತ್ತಿದ್ದಳು. ಒಂದು ದಿನ ನೀರಿಗೆ ಹೋಗುವಾಗ ಹೇಳಿದಳು: "ಈರಕ್ಕ, ಬೆಕ್ಕು ನಿಮ್ಮಂಗೆ ಲಿಂಗ ಕಟ್ಕಂಡೈತಾ? ಮುದ್ದೆ ಎಷ್ಟು ದಿನ ತಿಂತೈತೆ? ನಮ್ಮನೆಯಾಗೆ ಕರಳು, ತೊಗಲು ಬಿಸಾಕ್ತೀವಿ. ಎಲೆಯಾಗೆ ಕಟ್ಟಿಕೊಡ್ತೀನಿ, ಒಯ್ತೀಯಾ?"

ಈರಕ್ಕ ಬಿಂದಿಗೆ ಕೆಳಗಿಟ್ಟು ಸುತ್ತಮುತ್ತ ನೋಡಿದಳು. ಕೊನೆಗೆ, "ಬೇರೆ ಬುಟ್ಟಿಯಾಗೆ ಕೊಡು. ಬಿಗಿಯಾಗಿ ಕಟ್ಟು," ಎಂದಳು.

ಅಂದಿನಿಂದ ಬೆಕ್ಕುಗಳು ಮೈ ತುಂಬಿಕೊಂಡವು. ಬೂದಿ ಅವಳ ಕಾಲಿಗೆ ತಲೆ ತಿಕ್ಕಿತು. ಊರಿಂದ ಬರುವಾಗ ಹೊಂಡದಲ್ಲಿ ಕೈಕಾಲು ತೊಳೆದು, ಬುಟ್ಟಿಯನ್ನು ಎಮ್ಮೆಯ ಹುಲ್ಲಿನ ಹಿಂದೆ ಅಡಗಿಸಿಡುತ್ತಿದ್ದಳು. ಆದರೆ ಬೀದಿನಾಯಿಗಳಿಂದ ಅಡಗಿಸುವುದು ಹೇಗೆ? ಒಂದು ಮಧ್ಯಾಹ್ನ ನಾಯಿಯೊಂದು ಬುಟ್ಟಿ ಎಳೆದು ತಂದು ಗುಡಿಸಲ ಬಾಗಿಲಲ್ಲೇ ನೆಕ್ಕುತ್ತಾ ನಿಂತಿತು. ಅನ್ನಪೂರ್ಣಮ್ಮ ಓಡಿಸಲು ಹೋಗಿ ಬುಟ್ಟಿ ನೋಡಿದಳು, ಮೂಗು ಮುಚ್ಚಿದಳು.

"ಅತ್ತೆ, ಒಂದೀಟು ಹೊರಗೆ ಬರ್ರಿ."

ಮರುಳಸಿದ್ದಮ್ಮ ಗುಡಿಸಲ ಕಂಬ ಹಿಡಿದು ಬಂದಳು. ಬುಟ್ಟಿಯನ್ನು ನೋಡಿದಳು, ಮಗಳ ಮುಖ ನೋಡಿದಳು.

"ಇದು ಯಾರ ಬುಟ್ಟಿ, ಈರಿ?"

"ನಂದೇ, ಅವ್ವ."

"ಒಳಗೆ ಏನಿತ್ತು?"

"ಗೊತ್ತಾಗಲ್ವಾ ನಿಂಗೆ? ಬೆಕ್ಕಿಗೆ ಒಯ್ದಿದ್ದು."

"ಇದನ್ನ ಮುಟ್ಟಿದ ಕೈಯಾಗೆ ಲಿಂಗ ಇಟ್ಕಂಡು ಪೂಜೆ ಮಾಡಿದ್ಯಾ? ಅದೇ ಕೈಯಾಗೆ ನನಗೆ ಅಂಬಲಿ ಕೊಟ್ಯಾ?" ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇವತ್ತಿಂದ ನೀನು ಒಲೆ ಹತ್ರ ಬರಬ್ಯಾಡ. ನಿನ್ನ ಕೈಯಿಂದ ನನಗೆ ಒಂದು ತೊಟ್ಟು ನೀರೂ ಬ್ಯಾಡ."

ಸಂಜೆ ಅಂಗಡಿಯಿಂದ (ಈಗ ಅದು ಬೇವಿನ ಮರದಡಿಯ ಎರಡು ಮೂಟೆ, ಒಂದು ತಕ್ಕಡಿ) ಬಂದ ಮುರುಗೇಶಪ್ಪ ಎಲ್ಲ ಕೇಳಿ, "ತಪ್ಪಾತು ಅಂತ ಅವ್ವನ ಕಾಲು ಹಿಡಿ, ಮುಗೀತು," ಎಂದ.

"ಹಿಡೀತೀನಿ. ನಾಳೆ ಮತ್ತೆ ಒಯ್ತೀನಿ. ಆಮೇಲೆ?"

ಅವನಿಗೆ ಸಿಟ್ಟು ನೆತ್ತಿಗೇರಿತು. "ಹಂಗಾರೆ ನಿನ್ನ ಒಲೆ ನೀನೇ ಹಾಕ್ಕೋ."

ಅವಳು ಹಾಕಿಕೊಂಡಳು. ಗುಡಿಸಲ ಹೊರಗೆ ಮೂರು ಕಲ್ಲು, ಒಂದು ಮಡಕೆ. ಅನ್ನಪೂರ್ಣಮ್ಮ ಒಂದು ಪಡಿ ರಾಗಿಹಿಟ್ಟನ್ನು ತಂದು ಮಾತಿಲ್ಲದೆ ಅಲ್ಲಿ ಇಟ್ಟು ಹೋದಳು. ಬೇರೆ ಒಲೆ ಹೂಡಿದ್ದು ಬಯಲಿನ ಎಲ್ಲರ ಬಾಯಿಗೂ ಬಿತ್ತು.

ಮಾಘದಲ್ಲಿ ಒಂದು ಬೆಳಿಗ್ಗೆ ಈರಕ್ಕ ಕರೆದಾಗ ಕುಂಟ ಬರಲಿಲ್ಲ. ಹುಡುಕಿಕೊಂಡು ಹೋದರೆ, ತಮ್ಮ ಅಂಗಡಿಯ ಜಗಲಿಯ ಕೆಳಗೆ, ಬಾಯಲ್ಲಿ ನೊರೆ ಒಣಗಿ, ಕಾಲು ಚಾಚಿ ಬಿದ್ದಿತ್ತು. ಮುಂದಿನ ಮನೆಯ ಹತ್ತಿರ ಇನ್ನೊಂದು. ಬಾಗಿಲುಗಳ ಸಂದಿಯಲ್ಲಿ, ಚರಂಡಿಯ ಅಂಚಿನಲ್ಲಿ ರಾಗಿಹಿಟ್ಟಿನ ಸಣ್ಣ ಉಂಡೆಗಳಿದ್ದವು. ಮೂಸಿದಳು. ಬೆಲ್ಲದ ವಾಸನೆ. ಊರ ಬಾಗಿಲಿಗೆ ಓಡಿದಳು.

"ಕಾಟಯ್ಯ, ಯಾರು ಇಟ್ಟಿದ್ದು ಇದನ್ನ?"

"ಇನ್ಸ್‌ಪೆಕ್ಟರ್ ಸಾಹೇಬ್ರ ಜನ. ಪಾಷಾಣ ಕಲಸಿದ ಉಂಡೆ. ಇಲಿಗೆ ಅಂತ." ಅವನು ತಡವರಿಸಿದ. "ನಿಮ್ಮ ತಮ್ಮನೇ ಜತೆಗೆ ನಿಂತು ಜಾಗ ತೋರಿಸಿದ್ರಲ್ಲಮ್ಮ. ನಿಮಗೆ ಹೇಳಲಿಲ್ವಾ?"

ಈರಕ್ಕ ಹಿಂದಿರುಗಿ ಬೀದಿಗೆ ಹೋದಳು. ಈ ತುದಿಯಿಂದ ಆ ತುದಿಯವರೆಗೆ, ಬಾಗಿಲ ಕೆಳಗೆ ಕೋಲು ಹಾಕಿ ಎಳೆದು, ಕೈಗೆ ಸಿಕ್ಕಿದ ಉಂಡೆಯನ್ನೆಲ್ಲ ಬುಟ್ಟಿಗೆ ತುಂಬಿದಳು. ಬೆಟ್ಟದ ಬುಡದಲ್ಲಿ ಗುಂಡಿ ತೋಡಿ ಹೂತು, ಮೇಲೆ ಕಲ್ಲು ಹೇರಿದಳು. ಕುಂಟನನ್ನೂ ಇನ್ನೊಂದನ್ನೂ ಬೇರೆ ಗುಂಡಿಯಲ್ಲಿ ಮಣ್ಣು ಮಾಡಿದಳು.

ಬೇವಿನ ಮರದಡಿ ಗಿರಾಕಿಗಳ ಎದುರಿಗೇ ತಮ್ಮನನ್ನು ಕೇಳಿದಳು: "ಪಾಷಾಣ ಇಟ್ಟಿದ್ದು ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಸುಮ್ಮನಿರ್ತಿದ್ಯಾ?" ಅವನು ತಕ್ಕಡಿ ಇಳಿಸಿದ. "ಅಕ್ಕ, ಇಲಿ ಸತ್ರೆ ಬೀದಿ ತೆಗೀತಾರೆ. ನೂರು ಜನ ಈ ಬಯಲಿನಾಗೆ ಬಿದ್ದವರೆ. ನಿನಗೆ ಬೆಕ್ಕು ಒಂದೇ ಕಾಣಾದು."

"ನಿನಗೆ ನಾನು ಕಾಣಲಿಲ್ಲ. ಒಂದು ಮಾತು ಹೇಳಿದ್ರೆ ಅವನ್ನ ಹಿಡಿದು ಕಟ್ಟಿಹಾಕ್ತಿದ್ದೆ."

"ಎಲ್ಲಿ ಕಟ್ತಿದ್ದೆ? ಅವ್ವನ ಹಾಸಿಗೆಗಾ?"

ಗಿರಾಕಿಗಳು ನಕ್ಕರು. ಉಂಡೆ ಹೂತಿದ್ದನ್ನು ಈರಕ್ಕ ಹೇಳಲಿಲ್ಲ.

ಫಾಲ್ಗುಣದಲ್ಲಿ ಇನ್ಸ್‌ಪೆಕ್ಟರು ಬೀದಿಗಳ ತಪಾಸಣೆ ಮುಗಿಸಿ ಬಯಲಿಗೆ ಬಂದರು. ಪಕ್ಕದ ಎರಡು ಬೀದಿಯವರಿಗೆ ಮನೆಗೆ ಹೋಗಲು ಅಪ್ಪಣೆಯಾಯಿತು. ಬೆಲ್ಲದ ಬೀದಿಯವರನ್ನೆಲ್ಲ ಕರೆಸಿ ನಿಲ್ಲಿಸಿದರು.

"ನಿಮ್ಮ ಬೀದಿಯಲ್ಲಿ ಪಾಷಾಣದ ಉಂಡೆ ಒಂದೂ ಇಲ್ಲ, ಅದನ್ನು ತಿಂದು ಸತ್ತ ಇಲಿಯೂ ಇಲ್ಲ. ನಿನ್ನೆ ಒಂದು ಇಲಿ ರೋಗ ಬಂದು ಬಿದ್ದಿದೆ. ಉಂಡೆ ಯಾರು ತೆಗೆದರು? ಪುನಃ ಹಾಕಿ, ಪುನಃ ನೋಡಬೇಕು. ಅಲ್ಲಿಯವರೆಗೆ ಯಾರೂ ಒಳಗೆ ಹೋಗುವ ಹಾಗಿಲ್ಲ."

"ಇನ್ನು ಎಷ್ಟು ದಿನ ಸ್ವಾಮಿ?" ಯಾರೋ ಕೂಗಿದರು.

"ಬೇಸಿಗೆ ಕಳೆಯಬಹುದು."

ಗದ್ದಲವೆದ್ದಿತು. ದಿನವೂ ಬೀದಿಗೆ ಹೋಗಿಬರುತ್ತಿದ್ದವಳು ಅವನ ಅಕ್ಕನೆಂದು ಜನರ ಕಣ್ಣು ಮುರುಗೇಶಪ್ಪನ ಮೇಲೆ ತಿರುಗಿತು. ಅವನು ಕೊರಳಿನ ಲಿಂಗ ಹಿಡಿದು ಮುಂದೆ ಬಂದ. "ಈ ಲಿಂಗದಾಣೆ, ನಮ್ಮ ಮನೆಯೋರು ಯಾರೂ ಮುಟ್ಟಿಲ್ಲ, ಸ್ವಾಮಿ."

"ಆಣೆ ಇಡಬ್ಯಾಡ ಮುರುಗ," ಎಂದಳು ಹಿಂದಿನಿಂದ ಈರಕ್ಕ. "ನಾನೇ ತೆಗ್ದು ಹೂತುಹಾಕಿದ್ದು. ಬೆಕ್ಕು ಸಾಯ್ತಿದ್ವು."

ಎಲ್ಲರೂ ಒಟ್ಟಿಗೆ ಮಾತಾಡಿದರು. ಬೈಗುಳಗಳಲ್ಲಿ ಅವಳ ಗಂಡ ಸತ್ತದ್ದೂ ಮಕ್ಕಳಾಗದ್ದೂ ಬಂದವು. ಮುರುಗೇಶಪ್ಪ ಲಿಂಗದ ಮೇಲಿನ ಕೈಯನ್ನು ತೆಗೆಯದೆ ಹಾಗೇ ನಿಂತಿದ್ದ. ಇನ್ಸ್‌ಪೆಕ್ಟರು ತಲೆ ಅಲ್ಲಾಡಿಸಿ ಕುದುರೆ ಹತ್ತಿದರು.

ಬೈಗುಳ ಅವಳಿಗೆ ಅಷ್ಟು ತಟ್ಟಲಿಲ್ಲ. ತಟ್ಟಿದ್ದು ಬಷೀರುನ್ನೀಸಾಳ ಮಾತು. ಅವಳು ಕೂಗಾಡಲಿಲ್ಲ. ಹೊಂಡದ ದಾರಿಯಲ್ಲಿ ತಡೆದು ನಿಲ್ಲಿಸಿ ಕೇಳಿದಳು:

"ನನ್ನ ಸೊಸೆಗೆ ದಿನ ತುಂಬ್ತಾ ಬಂತು. ಮನೆಗೆ ಹೋದ ಮೇಲೆ ಹೆರಿಗೆ ಅಂತ ದಿನಾ ದುವಾ ಕೇಳ್ತಿದ್ದೆ. ಇನ್ನು ಈ ಗರಿ ಕೆಳಗೇ ಆಗ್ಬೇಕು. ನೀನು ಉಂಡೆ ಆರಿಸುವಾಗ ಅವಳ ಹೊಟ್ಟೆ ನಿನ್ನ ಕಣ್ಣ ಮುಂದೆ ಬರಲಿಲ್ವಾ ಈರಕ್ಕ?"

"ಬರಲಿಲ್ಲ ಬಷೀರಮ್ಮ," ಎಂದಳು ಈರಕ್ಕ.

ಅಂದಿನಿಂದ ಎಲೆಯ ಗಂಟು ನಿಂತಿತು. ಈರಕ್ಕ ಮತ್ತೆ ಮಜ್ಜಿಗೆ ಮುದ್ದೆ ಒಯ್ಯತೊಡಗಿದಳು. ಹೊಸ ಪಾಷಾಣ ಇಟ್ಟಾಗ ಅವಳು ಮುಟ್ಟಲಿಲ್ಲ. ಬೆಟ್ಟದ ಬುಡದಲ್ಲಿ ನಿಂತು ಕರೆದು, ಬೆಕ್ಕುಗಳನ್ನು ಬೀದಿಯಿಂದ ಆದಷ್ಟು ದೂರ ಸೆಳೆಯುವುದಕ್ಕೆ ನೋಡಿದಳು. ಕೆಲವು ಬಂದವು, ಹಲವು ಬರಲಿಲ್ಲ. ಕೊನೆಗೆ ಬೂದಿಯೊಂದೇ ಬರುತ್ತಿತ್ತು. ಅದೂ ಈಗ ಹತ್ತಿರ ಸುಳಿಯುತ್ತಿರಲಿಲ್ಲ. ಅವಳು ದೂರ ಹೋದ ಮೇಲೆ ತಿನ್ನುತ್ತಿತ್ತು. ಒಮ್ಮೆ ಮುಟ್ಟಲು ಹೋದಾಗ ಮುಂಗೈ ಸೀಳಿತು.

ಯುಗಾದಿ ಬಯಲಿನಲ್ಲೇ ಕಳೆಯಿತು. ಹೋಳಿಗೆ ಮಾಡಿದ ಅನ್ನಪೂರ್ಣಮ್ಮ ಒಂದನ್ನು ಎಲೆಯಲ್ಲಿ ಸುತ್ತಿ ಅತ್ತೆಗೆ ಕಾಣದಂತೆ ಹೊರಗಿನ ಒಲೆಯ ಹತ್ತಿರ ಇಟ್ಟಳು. "ಗಾಳಿಗೆ ಮಣ್ಣು ಬಿದ್ದೀತು, ಈಗ್ಲೇ ತಿನ್ರಿ," ಎಂದಷ್ಟೇ ಹೇಳಿದಳು.

ವೈಶಾಖದ ಒಂದು ಮಧ್ಯಾಹ್ನ ಮೋಡ ಕವಿದು ಆಲಿಕಲ್ಲು ಮಳೆ ಹೊಡೆಯಿತು. ಅದೇ ಹೊತ್ತಿಗೆ ಮೆಹರುನ್ನೀಸಾಳಿಗೆ ನೋವು ಎದ್ದಿತು. ಗರಿ ಹಾರಿ, ಗುಡಿಸಲ ಒಂದು ಮೂಲೆ ಸೋರತೊಡಗಿತು. ಒಳಗಿನ ಒಲೆ ಆರಿತು. ದಿಲಾವರ್ ಸಾಹೇಬರು ಗರಿಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ಮಳೆಯಲ್ಲೇ ನಿಂತಿದ್ದರು. ಈರಕ್ಕ ತನ್ನ ಮೂರು ಕಲ್ಲುಗಳನ್ನು ಎಮ್ಮೆಯ ಚಪ್ಪರದ ಕೆಳಗೆ ಒಯ್ದು, ಕಾದಿಟ್ಟಿದ್ದ ಒಣ ಬೆರಣಿ ಎಲ್ಲವನ್ನೂ ಹಾಕಿ ನೀರು ಕಾಯಿಸಿದಳು. ಹಂಡೆ ಹೊತ್ತು ಬಾಗಿಲಿಗೆ ಹೋದಾಗ ಬಷೀರುನ್ನೀಸಾ ಅಡ್ಡ ನಿಂತಿದ್ದಳು. ಅವಳು ಈರಕ್ಕನ ಮುಖವನ್ನು ನೋಡದೆ ಹಂಡೆ ತೆಗೆದುಕೊಂಡು, ಖಾಲಿ ಮಾಡಿ, ಮತ್ತೆ ಹೊರಗೆ ಚಾಚಿದಳು. ಸಂಜೆಯ ಹೊತ್ತಿಗೆ ಹೆಣ್ಣುಮಗು ಅತ್ತಿತು. ತಾಯಿಗೆ ಮೂರು ದಿನ ಜ್ವರ ಬಂದು ಬಿಟ್ಟಿತು. ಆ ಮೂರು ದಿನವೂ ಈರಕ್ಕ ನೀರು ಕಾಯಿಸಿದಳು. ಆ ಮೂರು ದಿನವೂ ಬಷೀರುನ್ನೀಸಾಳಿಗೂ ಅವಳಿಗೂ ಮಾತಿರಲಿಲ್ಲ.

ಜ್ಯೇಷ್ಠದಲ್ಲಿ ಬೀದಿ ತೆರೆಯಿತು. ಸುಣ್ಣದ ವಾಸನೆಯ ಮನೆಗೆ ಎಲ್ಲರೂ ಬಂದರು. ಈರಕ್ಕ ತನ್ನ ಒಲೆಯನ್ನು ಹಿತ್ತಲ ಕೋಣೆಯಲ್ಲಿ ಹೂಡಿದಳು. ಬೇಡವೆಂದು ಯಾರೂ ಹೇಳಲಿಲ್ಲ, ಒಳಗೆ ಬಾ ಎಂದೂ ಹೇಳಲಿಲ್ಲ. ಕಾಳಿನ ಕೋಣೆಯ ಗೋಡೆಗೂಡಿನಲ್ಲಿ ಬೂದಿ ಮೂರು ಮರಿ ಹಾಕಿತ್ತು. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಇಡೀ ಬೀದಿಯಲ್ಲಿ ಉಳಿದದ್ದು ಅಷ್ಟೆ.

ವಾರ ಕಳೆಯುವುದರೊಳಗೆ ಮತ್ತೆ ಡಂಗುರ ಬಂತು. ಇಲಿಯಿಂದಲೇ ರೋಗ, ಆದ್ದರಿಂದ ಮನೆಮನೆಗೂ ಒಂದು ಬೆಕ್ಕು ಸಾಕಬೇಕಂತೆ. ಹೊಲಸು ಬೈದವರೇ ಈಗ ಈರಕ್ಕನ ಹಿತ್ತಲಿಗೆ ಬಂದರು. "ನಮಗೊಂದು ಇಡಮ್ಮ." "ಹೆಣ್ಣಾದ್ರೂ ಆದೀತು." ಅವಳು ಅವರ ಮುಖ ನೋಡಿ ಕುಟ್ಟುವ ಕೆಲಸ ಮುಂದುವರಿಸುತ್ತಿದ್ದಳು.

ಒಂದು ಬೆಳಿಗ್ಗೆ ಮುರುಗೇಶಪ್ಪ ಗೋಣಿಚೀಲ ಹಿಡಿದು ಹಿತ್ತಲಿಗೆ ಬಂದ.

"ಅಕ್ಕ, ಬೂದಿನ ಕೂಗು. ಇನ್ಸ್‌ಪೆಕ್ಟರು ಅಂಗಡಿ ಮುಂದೆ ಕುಂತವ್ರೆ. ತಾಯಿ ಮರಿ ಎಲ್ಲಾ ಅವರ ಕಚೇರಿಯ ಉಗ್ರಾಣಕ್ಕೆ ಬೇಕಂತೆ. ಕೊಡ್ತೀನಿ ಅಂದೆ."

"ಯಾರನ್ನ ಕೇಳಿ ಅಂದೆ?"

"ಮತ್ತೆ ಶುರು ಮಾಡಬ್ಯಾಡ. ಅವರ ಮುಂದೆ ಹೋದ ನನ್ನ ಮರ್ಯಾದೆ ಇದರಾಗಾದ್ರೂ ಬರ್ಲಿ."

"ಮರಿ ಕಣ್ಣು ಬಿಟ್ಟಿಲ್ಲ ಮುರುಗ. ಚೀಲಕ್ಕೆ ಹಾಕಿದ್ರೆ ತಾಯಿ ಹಾಲು ಕೊಡಲ್ಲ, ಮರಿ ಸಾಯ್ತವೆ. ಒಂದು ತಿಂಗಳು ತಡಿ ಅನ್ನು."

"ಸಾಹೇಬ್ರಿಗೆ ತಡೀರಿ ಅನ್ನಾಕಾಗ್ತೈತಾ? ನೀನು ಕೂಗಿದ್ರೆ ಮಾತ್ರ ಬರ್ತೈತೆ ಅದು. ಕೂಗು."

ಬೂದಿ ಅಷ್ಟರಲ್ಲೇ ಕೋಣೆಯ ಕಿಟಕಿಯಲ್ಲಿತ್ತು. ಚೀಲ ಕಂಡು ಮೈ ಕುಗ್ಗಿಸಿತು. ಬಾಯಲ್ಲಿ ಒಂದು ಮರಿ ನೇತಾಡುತ್ತಿತ್ತು. ಎರಡನ್ನು ಆಗಲೇ ಎಲ್ಲಿಗೋ ಒಯ್ದಿತ್ತೆಂದು ಕಾಣುತ್ತದೆ, ಗೋಡೆಗೂಡು ಖಾಲಿಯಿತ್ತು. ಅದು ಮುಂದೆ ಹೋಗದೆ, ಈರಕ್ಕನನ್ನೇ ನೋಡುತ್ತಾ ನಿಂತಿತು. ಮುರುಗೇಶಪ್ಪ ಚೀಲದ ಬಾಯಿ ಅಗಲಿಸಿ ಹೆಜ್ಜೆ ಇಟ್ಟ.

"ಕೂಗಕ್ಕ!"

ಈರಕ್ಕ ಒನಕೆಯನ್ನು ಗೋಡೆಗೆ ಅಪ್ಪಳಿಸಿದಳು. "ಹುಶ್! ಹೋಗು! ಇಲ್ಲಿಗೆ ಬರಬ್ಯಾಡ, ಹೋಗು!"

ಬೆಕ್ಕು ಬೆಚ್ಚಿ ಹಾರಿತು. ಮಾಡಿನಿಂದ ಗೋಡೆಗೆ, ಗೋಡೆಯಿಂದ ಬಂಡೆಗೆ, ಬಂಡೆಯಿಂದ ಇನ್ನೊಂದಕ್ಕೆ. ಆಮೇಲೆ ಕಾಣಲಿಲ್ಲ. ಈರಕ್ಕ ಅತ್ತ ನೋಡುತ್ತ ನಿಂತಳು.

ಮುರುಗೇಶಪ್ಪ ಚೀಲವನ್ನು ನೆಲಕ್ಕೆ ಎಸೆದ. "ಈಗ ನಾನು ಹೋಗಿ ಏನಂತ ಹೇಳ್ಲಿ?"

"ಅವತ್ತು ನಾನು ಹೇಳ್ದೆ. ಇವತ್ತು ನೀನು ಹೇಳು."

ಅವನು ಬಾಗಿಲು ದಾಟಿ ಹೊರಗೆ ಹೋದ. ಅಂಗಡಿಯ ಕಡೆಯಿಂದ ಮಾತು ಕೇಳಿಸುತ್ತಿತ್ತು. ಈರಕ್ಕ ಕಿವಿಗೊಟ್ಟಳು.

"ಹಿಡಿಯಾಕೆ ಹೋದೆ ಸ್ವಾಮಿ. ತಪ್ಪಿಸ್ಕಂಡು ಬೆಟ್ಟ ಹತ್ತಿಬಿಡ್ತು. ಏನ್ ಮಾಡಾನ, ಕಾಡು ಬಿದ್ದ ಬೆಕ್ಕು," ಎನ್ನುತ್ತಿದ್ದ ಮುರುಗೇಶಪ್ಪ. ಅಕ್ಕನ ಹೆಸರು ಎತ್ತಲಿಲ್ಲ.

ಮಧ್ಯಾಹ್ನ ಅವನು ಒಳಗೆ ಬಂದು ಊಟಕ್ಕೆ ಕೂತ. ಹಿತ್ತಲ ಕೋಣೆಯಲ್ಲಿ ಈರಕ್ಕನ ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಯಾರೋ ಬರುವ ಸದ್ದಾಯಿತು. ಮರುಳಸಿದ್ದಮ್ಮ ಒಂದು ಕೈಯಲ್ಲಿ ಮುದ್ದೆ ಇದ್ದ ತಟ್ಟೆ ಹಿಡಿದು ಬಂದು, ಹೊಸ್ತಿಲ ಆಚೆಗೇ, ಉಸ್ಸೆಂದು ಕುಳಿತಳು.

"ನಿನ್ನ ತಮ್ಮನ ಹೆಂಡ್ತಿಗೆ ಒಗ್ಗರಣೆ ಹಾಕಾಕೆ ಇನ್ನೂ ಬರಲ್ಲ," ಎಂದಳು. ಮಗಳ ಕಡೆ ನೋಡಲಿಲ್ಲ. "ಅದು ಹುರುಳಿ ಸಾರಾ?"

"ಹೂಂ."

"ಕೈ ತೊಳ್ಕಂಡಿದೀಯಾ?"

"ತೊಳ್ಕಂಡಿದೀನಿ, ಅವ್ವ."

ಮುದುಕಿ ತಟ್ಟೆಯನ್ನು ಹೊಸ್ತಿಲ ಮೇಲಿಂದ ಒಳಗೆ ತಳ್ಳಿದಳು. "ಹಾಕು ಒಂದಿಷ್ಟು. ಆರಿಹೋಗ್ತೈತೆ ಮುದ್ದೆ."